ರಾಯಚೂರಿನ ಮಗುವಿಗೆ ಶಾಲೆಯ ಕನ್ನಡ ಎಷ್ಟು ದೂರ?

ಶಾಲೆಯಲ್ಲಿ ಪಾಠ ಯಾವ ಭಾಷೆಯಲ್ಲಿ ಅನ್ನುವ ಮಾಧ್ಯಮದ ಜಗಳ ನಮ್ಮ ರಾಜ್ಯಕ್ಕೆ ಹೊಸದಲ್ಲ. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಕೊಟ್ಟಾಗ ಅದು ಮತ್ತೆ ಎದ್ದಿತು. ಯಾವ ಬೋರ್ಡಿನ ಶಾಲೆಯಾದರೂ ಸರಿ, ಕನಿಷ್ಠ ಐದನೇ ತರಗತಿಯವರೆಗೆ ಪಾಠ ಕನ್ನಡದಲ್ಲಿ ಇಲ್ಲವೇ ಮಾತೃಭಾಷೆಯಲ್ಲಿ ನಡೆಯಬೇಕು ಅಂತ ಆಯೋಗ ಹೇಳಿದೆ. ಇತ್ತ ಸರ್ಕಾರ ತನ್ನದೇ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ಹೆಚ್ಚಿಸುತ್ತಾ ಬಂದಿದೆ. ಬೆಂಗಳೂರಲ್ಲಿ ಕೂತು ನೋಡಿದರೆ ಇದು ಕನ್ನಡಕ್ಕೂ ಇಂಗ್ಲಿಷಿಗೂ ನಡೆಯುತ್ತಿರುವ ಹಗ್ಗಜಗ್ಗಾಟ. ರಾಯಚೂರಿನಿಂದ ನೋಡಿದರೆ ಮಾತ್ರ ವಿಷಯ ಬೇರೆಯೇ ಕಾಣುತ್ತದೆ. ಆಯೋಗದ ವಾಕ್ಯದಲ್ಲಿರುವ ಆ 'ಇಲ್ಲವೇ' ಇದೆಯಲ್ಲ, ನಮ್ಮ ಕಡೆಯ ತೊಂದರೆಯೆಲ್ಲ ಅಲ್ಲೇ ಕೂತಿದೆ.

ಇಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳು ಯಾರು ಅಂತ ಒಮ್ಮೆ ನೋಡಿ. ಲಿಂಗಸುಗೂರು, ದೇವದುರ್ಗದ ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಅದು ಅವ್ವನನ್ನು ಯಾಡಿ ಅಂತ ಕರೆಯುತ್ತದೆ, ರೊಟ್ಟಿಗೆ ಬಾಟಿ ಅನ್ನುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಹೋದರೆ ಕ್ಯಾಂಪುಗಳು. ತುಂಗಭದ್ರಾ ಕಾಲುವೆಗೆ ನೀರು ಬಂದಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರು ಕಟ್ಟಿಕೊಂಡ ಊರುಗಳು ಅವು. ಅಲ್ಲಿ ತೆಲುಗು. ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರ ಮನೆಯಲ್ಲಿ ಬಂಗಾಳಿ. ಮಾನ್ವಿ, ಮಸ್ಕಿ, ರಾಯಚೂರು ಪೇಟೆಯ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು. ಈ ಮಗು ಉರ್ದು ಶಾಲೆಗೆ ಹೋದರೂ ಪೂರ್ತಿ ನಿರಾಳವೇನಲ್ಲ. ಮನೆಯಲ್ಲಿ 'ನಕ್ಕೊ', 'ಹೌ' ಅನ್ನುವ ಮಗುವಿಗೆ ಪುಸ್ತಕದಲ್ಲಿ ಬೇರೆಯದೇ ಉರ್ದು ಎದುರಾಗುತ್ತದೆ.

ಇನ್ನು ಉಳಿದವರು ಕನ್ನಡದ ಮಕ್ಕಳು. ಅವರಿಗಾದರೂ ಸಲೀಸು ಅಲ್ವಾ ಅಂದರೆ, ಅಲ್ಲೂ ಒಂದು ಅಂತರ ಇದೆ. ನಮ್ಮ ಕಡೆ ಮನೆ 'ಮನಿ', ಮಳೆ 'ಮಳಿ', ತಲೆ 'ತಲಿ'. ಹೋಗುತ್ತಿದ್ದೇನೆ ಅನ್ನುವುದು 'ಹೊಂಟೀನಿ'. ಬೇಡ ಅನ್ನುವುದು 'ಬ್ಯಾಡ'. ಪುಸ್ತಕದ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ, ನಿಜ. ಆದರೆ ಅದು ಮೈಸೂರಿನ ಮನೆಗೆ ಹತ್ತಿರ, ದೇವದುರ್ಗದ ಮನೆಗೆ ಅಷ್ಟು ಹತ್ತಿರವಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಎರಡನೇ ತರಗತಿಯ ಕೋಣೆಯಲ್ಲಿ ಹೋಗಿ ಕೂತರೆ ಸಣ್ಣದು ಅನ್ನಿಸುವುದಿಲ್ಲ. ಬೋರ್ಡಿನ ಮೇಲೆ 'ಅಜ್ಜಿ ಮನೆಗೆ ಹೋದಳು' ಅಂತ ಬರೆದಿದೆ ಅಂದುಕೊಳ್ಳಿ. ಒಬ್ಬ ಹುಡುಗಿ ಎದ್ದು ನಿಂತು 'ಅಜ್ಜಿ ಮನಿಗಿ ಹ್ವಾದ್ಳು' ಅಂತ ಓದುತ್ತಾಳೆ. ಪಕ್ಕದ ಹುಡುಗ ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, 'ಮ... ನೆ... ಗೆ... ಹೋ... ದ... ಳು' ಅಂತ ಒಂದೂ ತಪ್ಪಿಲ್ಲದೆ ಓದಿ ಮುಗಿಸುತ್ತಾನೆ. ಯಾರು ಹೋದದ್ದು ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾನೆ. ಇವರಿಬ್ಬರಲ್ಲಿ ಓದಿದವರು ಯಾರು? ಹುಡುಗಿ ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮಾತಿನಲ್ಲಿ ಹೇಳಿದಳು. ಓದು ಅನ್ನುವುದು ಅದೇ. ಆದರೆ ತಪಾಸಣೆಗೆ ಬಂದವರ ಹಾಳೆಯಲ್ಲಿ ತಪ್ಪು ಬೀಳುವುದು ಅವಳಿಗೆ. 'ಮನಿ ಅಲ್ಲ, ಮನೆ ಅನ್ನು' ಅಂತ ನಾಲ್ಕು ಸಲ ಗದರಿಸಿಕೊಂಡ ಮಗು ಐದನೇ ಸಲ ಬಾಯಿ ತೆರೆಯುವುದಿಲ್ಲ. ಆಮೇಲೆ ಅದು ದಡ್ಡ ಮಗು ಅಂತ ಹೆಸರು ಪಡೆಯುತ್ತದೆ.

ಮಕ್ಕಳಿಗೆ ಮನೆಮಾತಿನಲ್ಲಿ ಕಲಿಸಬೇಕು ಅನ್ನುವುದರ ಹಿಂದಿರುವ ಲೆಕ್ಕ ಇಷ್ಟೇ. ಓದಿಗೆ ಎರಡು ಕೆಲಸ ಸೇರಬೇಕು: ಅಕ್ಷರ ಬಿಡಿಸುವುದು ಒಂದು, ಬಿಡಿಸಿದ ಮಾತನ್ನು ಗುರುತಿಸುವುದು ಇನ್ನೊಂದು. ಮೊದಲನೆಯದನ್ನು ಶಾಲೆ ಕಲಿಸುತ್ತದೆ. ಎರಡನೆಯದಕ್ಕೆ ಬೇಕಾದ ಸಾವಿರಾರು ಮಾತುಗಳನ್ನು ಮಗು ಮನೆಯಿಂದಲೇ ಹೊತ್ತುಕೊಂಡು ಬಂದಿರುತ್ತದೆ. ಶಾಲೆಯ ಭಾಷೆ ಬೇರೆಯಾದ ದಿನ ಆ ಗಂಟು ಬಾಗಿಲಲ್ಲೇ ಉಳಿಯುತ್ತದೆ.

ಕನ್ನಡದ ಲಿಪಿಯ ವಿಚಾರ ಬೇರೆ ಇದೆ. ಇಂಗ್ಲಿಷಿಗೆ ಹೋಲಿಸಿದರೆ ನಮ್ಮದು ನೇರ ಲಿಪಿ, ಬರೆದಂತೆ ಓದುತ್ತೇವೆ. ಹಾಗಂತ ಸುಲಭ ಅಂದುಕೊಳ್ಳಬಾರದು. ವರ್ಣಮಾಲೆಯಲ್ಲಿ 49 ಅಕ್ಷರ ಇರಬಹುದು, ಆದರೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಒತ್ತಕ್ಷರ ಅದರ ಮೇಲೆ. ಇದೆಲ್ಲ ಕೈಗೆ ಬರಲು ಮಕ್ಕಳಿಗೆ ಮೂರು ನಾಲ್ಕು ವರ್ಷ ಬೇಕು. ಈ ಹೊತ್ತಲ್ಲೇ ಬೇರೊಂದು ಲಿಪಿ, ಬೇರೊಂದು ಭಾಷೆ, ಜೊತೆಗೆ ಅದೇ ಭಾಷೆಯಲ್ಲಿ ಗಣಿತ, ಪರಿಸರ ಅಧ್ಯಯನ ತಂದಿಟ್ಟರೆ ಏನಾಗುತ್ತದೆ ಅಂತ ಹೇಳಲು ದೊಡ್ಡ ಪಂಡಿತರು ಬೇಕಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ, ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭ, ಒಂದಕ್ಕೊಂದು ಹೋಲುವ ರೂಪ. ಮೊದಲ ಐದು ಅಕ್ಷರ ಬಂದ ಕೂಡಲೇ ಮಗು 'ಸರ', 'ಅರಸ', 'ಅಗಸ', 'ದಸರ' ಅಂತ ಪೂರ್ತಿ ಪದ ಓದಬಹುದು. ಮಕ್ಕಳು ಕಲಿಕೆಯ ಹಂತಗಳನ್ನು ತೋರಿಸುವ ಏಣಿಯ ಮೆಟ್ಟಿಲು ನೋಡಿಕೊಂಡು, ಕಾರ್ಡು ಹುಡುಕಿಕೊಂಡು, 'ತಟ್ಟೆ' ಅಂತ ಕರೆಯುವ ತಮ್ಮ ಗುಂಪಿನಲ್ಲಿ ಕೂರುತ್ತಾರೆ. ನಾಲ್ಕು ತಿಂಗಳು ಬಿಟ್ಟುಹೋದ ಮಗು ವಾಪಸ್ ಬಂದರೆ ತಾನು ನಿಂತ ಮೆಟ್ಟಿಲಿಂದಲೇ ಮುಂದುವರಿಯಬಹುದು. ಗುಳೆ ಹೋಗುವ ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ಪದ್ಧತಿ ಸಿಗುವುದು ಕಷ್ಟ. ಹಂಗಾಮು ಮುಗಿದ ಮೇಲೆ ಬೆಂಗಳೂರು, ಹೈದರಾಬಾದ್ ಅಂತ ಕಟ್ಟಡ ಕೆಲಸಕ್ಕೆ ಹೋಗುವ ಅಪ್ಪ-ಅವ್ವನ ಜೊತೆ ಮಕ್ಕಳೂ ಹೋಗುವುದು ಇಲ್ಲಿ ಪ್ರತಿ ವರ್ಷದ ಕಥೆ.

ಆದರೆ ಕಾರ್ಡಿನ ಪದಗಳನ್ನೇ ಇನ್ನೊಮ್ಮೆ ನೋಡಿ. ಅರಸ. ನಮ್ಮ ಕಡೆ ಮಗು ಕಥೆಯಲ್ಲಿ ಕೇಳಿರುವುದು ರಾಜ. ಕನ್ನಡದ ಮಗುವಿಗೆ ಇದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು. ತಾಂಡಾದ ಮಗುವಿಗೆ ಕಾರ್ಡಿನ ಬಹುಪಾಲು ಪದಗಳೆಲ್ಲ ಹೀಗೇ, ಬರೀ ಸದ್ದು. ಅಕ್ಷರ ಬೇಗ ಕಲಿಸುವ ಪದ್ಧತಿ ಆ ಮಗುವಿಗೆ ಅಕ್ಷರವನ್ನಂತೂ ಕಲಿಸುತ್ತದೆ, ಅರ್ಥಕ್ಕೆ ಬೇರೆ ಯಾರಾದರೂ ಸಿಗಬೇಕು.

ಗಣಿತದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ತಾಂಡಾದ ಏಳು ವರ್ಷದ ಹುಡುಗ ಇಪ್ಪತ್ತು ರೂಪಾಯಿ ಹಿಡಿದು ಅಂಗಡಿಗೆ ಹೋಗಿ, ಐದು ರೂಪಾಯಿ ಬಿಸ್ಕೆಟ್ಟು, ಎರಡು ರೂಪಾಯಿ ಶಾಂಪೂ ಪೊಟ್ಟಣ ತಂದು, ಚಿಲ್ಲರೆ ಎಣಿಸಿ ಯಾಡಿಯ ಕೈಗೆ ಕೊಡುತ್ತಾನೆ. ಅಂಗಡಿಯವನು ಒಂದು ರೂಪಾಯಿ ಕಡಿಮೆ ಕೊಟ್ಟರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಅದೇ ಹುಡುಗನಿಗೆ 'ಬುಟ್ಟಿಯಲ್ಲಿ ಇಪ್ಪತ್ತು ಹಣ್ಣುಗಳಿದ್ದವು. ಅವುಗಳಲ್ಲಿ ಏಳನ್ನು ಹಂಚಲಾಯಿತು. ಉಳಿದವೆಷ್ಟು?' ಅಂತ ಕೊಡಿ. ಸ್ಲೇಟು ಖಾಲಿ. ಕಳೆಯುವ ಲೆಕ್ಕ ಅವನಿಗೆ ಬರುತ್ತದೆ, 'ಹಂಚಲಾಯಿತು' ಬರುವುದಿಲ್ಲ. ಲಂಬಾಣಿ ಬಲ್ಲ ಟೀಚರ್ ಒಬ್ಬರಿದ್ದರೆ ಒಂದು ವಾಕ್ಯದಲ್ಲಿ ಮುಗಿಯುವ ಸಮಸ್ಯೆ ಇದು. ಇಲ್ಲದಿದ್ದರೆ ಅವನ ಹೆಸರಿನ ಮುಂದೆ 'ಕಳೆಯುವಿಕೆ: ಬಂದಿಲ್ಲ' ಅಂತ ದಾಖಲಾಗುತ್ತದೆ.

ಇಷ್ಟಿದ್ದರೂ ಅಪ್ಪ-ಅವ್ವ ಬಂದು ಕೇಳುವುದು ಇಂಗ್ಲಿಷನ್ನೇ. 'ಸರ, ನಮ್ಮ ಹುಡ್ಗನ್ನ ಇಂಗ್ಲಿಷಿಗಿ ಹಾಕ್ರಿ, ಕನ್ನಡ ಏನು, ಮನ್ಯಾಗ ಬರ್ತದ' ಅನ್ನುವ ಮಾತು ಯಾವ ಹೆಡ್ ಮಾಸ್ಟರಿಗೂ ಹೊಸದಲ್ಲ. ಇವರನ್ನು ಇಂಗ್ಲಿಷಿನ ಹುಚ್ಚು ಹಿಡಿದವರು ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಪಿಯುಸಿ ಸೈನ್ಸಿಗೆ ಹೋದ ಕನ್ನಡ ಮಾಧ್ಯಮದ ಹುಡುಗರು ಮೊದಲ ವರ್ಷ ಏನು ಪಾಡು ಪಡುತ್ತಾರೆ ಅಂತ ಅವರು ಕಣ್ಣಾರೆ ಕಂಡಿದ್ದಾರೆ. ಕನ್ನಡ ಉಳಿಯಬೇಕು ಅಂತ ಭಾಷಣ ಮಾಡುವವರ ಮಕ್ಕಳು ಯಾವ ವ್ಯಾನ್ ಹತ್ತುತ್ತಾರೆ ಅಂತಲೂ ಕಂಡಿದ್ದಾರೆ. ತಲೆಮಾರುಗಳಿಂದ ಶಾಲೆಯ ಹೊರಗೇ ಉಳಿದ ಸಮುದಾಯಕ್ಕೆ ಇಂಗ್ಲಿಷ್ ಅನ್ನುವುದು ಬಾಗಿಲು. ಅದನ್ನು ತೆರೆದು ಹೋದವರೇ ಬಂದು 'ನಿಮಗೆ ಬೇಡ ಬಿಡ್ರಿ' ಅಂದರೆ ಯಾರು ಕೇಳುತ್ತಾರೆ?

ತಪ್ಪುವುದು ಒಂದೇ ಕಡೆ. ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲೇ ಎಲ್ಲ ಕಲಿಯುವುದು ಬೇರೆ. ಈ ಎರಡನ್ನು ನಾವು ಒಂದೇ ಅಂದುಕೊಂಡಿದ್ದೇವೆ. ನೈಜೀರಿಯಾದ ಇಫೆ ಊರಿನಲ್ಲಿ 1970ರಲ್ಲಿ ಶುರುವಾದ ಒಂದು ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. ಕೆಲವು ಮಕ್ಕಳಿಗೆ ಆರೂ ವರ್ಷ ತಮ್ಮ ಯೊರುಬಾ ಭಾಷೆಯಲ್ಲೇ ಪಾಠ ಮಾಡಿದರು, ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿದರು. ಇನ್ನು ಕೆಲವರನ್ನು ಮೂರು ವರ್ಷ ಯೊರುಬಾದಲ್ಲಿ ಕಲಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಕೊನೆಗೆ ಆರೂ ವರ್ಷ ಯೊರುಬಾದಲ್ಲಿ ಓದಿದವರು ಉಳಿದ ವಿಷಯಗಳಲ್ಲಿ ಮುಂದಿದ್ದರು. ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಅಲ್ಲಿ ಇಂಗ್ಲಿಷಿಗೆ ಒಳ್ಳೆಯ ಶಿಕ್ಷಕರನ್ನೇ ಇಟ್ಟಿದ್ದರು ಅನ್ನುವುದನ್ನು ಮಾತ್ರ ನಮ್ಮವರು ಈ ಕಥೆ ಹೇಳುವಾಗ ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಸಮಸ್ಯೆ ಇರುವುದೂ ಅಲ್ಲೇ. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ಶುರುವಾಯಿತು. ಪಾಠ ಮಾಡಬೇಕಾದವರು ಇದ್ದ ಶಿಕ್ಷಕರೇ, ಸಿಕ್ಕಿದ್ದು ಕೆಲವು ದಿನಗಳ ತರಬೇತಿ. ಇಂಥ ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಟೀಚರ್ ಒಂದು ಸಾಲು ಇಂಗ್ಲಿಷಿನಲ್ಲಿ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹೆಸರು ಇಂಗ್ಲಿಷ್ ಮಾಧ್ಯಮ, ನಡೆಯುವುದು ಕನ್ನಡದಲ್ಲಿ, ಪರೀಕ್ಷೆ ನೆನಪಿನ ಶಕ್ತಿಗೆ. ಪೇಟೆಯ ಕಡಿಮೆ ಫೀಸಿನ ಕಾನ್ವೆಂಟುಗಳಲ್ಲೂ ಇದೇ ಹಾಡು. ತಾಂಡಾದ ಮಗುವಿಗಂತೂ ಇಲ್ಲಿ ಅರ್ಥ ಹೇಳುವ ಭಾಷೆಯೇ ಎರಡನೇ ಭಾಷೆ.

ಕಾನೂನಿನ ಮಾತು ಬೇಗ ಮುಗಿಸಿಬಿಡುತ್ತೇನೆ. ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಅಂದಿದ್ದ 1994ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇನಲ್ಲಿ ಒಪ್ಪಲಿಲ್ಲ. ಮಾಧ್ಯಮ ಆರಿಸುವುದು ಮಗುವಿನ, ಅದರ ಪರವಾಗಿ ಪಾಲಕರ ಹಕ್ಕು ಅಂದಿತು. ಶಿಕ್ಷಣ ಹಕ್ಕು ಕಾಯ್ದೆ 'ಸಾಧ್ಯವಾದಷ್ಟು' ಮಾತೃಭಾಷೆ ಅನ್ನುತ್ತದೆ. 2020ರ ರಾಷ್ಟ್ರೀಯ ನೀತಿ 'ಸಾಧ್ಯವಿರುವ ಕಡೆ' ಐದನೇ ತರಗತಿಯವರೆಗೆ ಅನ್ನುತ್ತದೆ. ಅಂದರೆ ಥೋರಟ್ ಆಯೋಗದ ಶಿಫಾರಸನ್ನು ಖಾಸಗಿ ಶಾಲೆಗಳ ಮೇಲೆ ಹೇರಲು ಹೋದರೆ ಮತ್ತೆ ಕೋರ್ಟಿನ ಮೆಟ್ಟಿಲೇ. ಸರ್ಕಾರದ ಕೈಯಲ್ಲಿ ಇರುವುದು ಅದರದೇ ಶಾಲೆಗಳು. ಅವುಗಳೊಳಗೆ ಏನು ಮಾಡಬೇಕು ಅನ್ನುವುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಆಡಳಿತದ ಭಾಷೆ ಉರ್ದು, ಮುಂದೆ ಓದಬೇಕು ಅಂದರೂ ಉರ್ದುವೇ ದಾರಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯಕೀಯ, ಎಂಜಿನಿಯರಿಂಗನ್ನೂ ಉರ್ದುವಿನಲ್ಲೇ ಕಲಿಸಿ ತೋರಿಸಿತು. ದೇಸಿ ಭಾಷೆಯಲ್ಲಿ ದೊಡ್ಡ ವಿದ್ಯೆ ಸಾಧ್ಯವಿಲ್ಲ ಅನ್ನುವವರಿಗೆ ಇದು ಒಳ್ಳೆಯ ಉತ್ತರ. ಆದರೆ ಕನ್ನಡ, ತೆಲುಗು, ಮರಾಠಿ ಮಾತಾಡುವ ಮಕ್ಕಳಿಗೆ ಆ ಉರ್ದು ಮನೆಮಾತಾಗಿರಲಿಲ್ಲ. ಅದು ದೇಸಿಯೇ, ಆದರೂ ಪರಕೀಯ. ಬಳ್ಳಾರಿ ಆಗ ಮದ್ರಾಸಿನ ಕೆಳಗಿತ್ತು. 1953ರಲ್ಲಿ ಅದು ಮೈಸೂರಿಗೆ ಬಂದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ಭಾಷೆಯ ಮೇಲೆ, ಮನೆಗಳು ಮಾತ್ರ ಎರಡೂ ಕಡೆ ಬೆರೆತೇ ಉಳಿದವು. ತಮ್ಮದಲ್ಲದ ಭಾಷೆಯ ಶಾಲೆಯಲ್ಲಿ ಹಿಂದೆ ಬಿದ್ದ ನೋವನ್ನು ಈ ಭಾಗದ ಕನ್ನಡಿಗರು ಹಿರಿಯರಿಂದ ಕೇಳಿಯೇ ಬೆಳೆದಿದ್ದಾರೆ. ಹಾಗಿದ್ದೂ ತಾಂಡಾದ ಮಗುವಿಗೆ ಇವತ್ತು ಅದೇ ಆಗುತ್ತಿದೆ ಅಂದರೆ ನಮಗೆ ಸ್ವಲ್ಪ ಇರುಸುಮುರುಸು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಶೇ 60 ಮುಟ್ಟಿರಲಿಲ್ಲ. ಬಡತನ, ಗುಳೆ, ಬರ, ಬಾಲ್ಯವಿವಾಹ ಎಲ್ಲ ಕಾರಣವೇ. ಭಾಷೆಯ ಹೆಸರು ಆ ಪಟ್ಟಿಯಲ್ಲಿ ಬರುವುದು ಅಪರೂಪ.

ಹಾಗಾದರೆ ಲಂಬಾಣಿ ಮಾಧ್ಯಮದ ಶಾಲೆ ತೆರೆಯಬೇಕಾ? ಬೇಡ ಅನ್ನುತ್ತೇನೆ. ಒಡಿಶಾ 2007ರ ಸುಮಾರಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಶುರು ಮಾಡಿತು. ಮೊದಲ ವರ್ಷಗಳಲ್ಲಿ ಸಂತಾಲಿ, ಸೌರ, ಕುಯಿಯಂಥ ಮನೆಮಾತು, ಆಮೇಲೆ ನಿಧಾನಕ್ಕೆ ಒಡಿಯಾ, ಇಂಗ್ಲಿಷ್. ಅಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ಹೆಚ್ಚಾಗಿ ಒಂದೇ ಭಾಷೆಯ ಮಕ್ಕಳು. ನಮ್ಮ ತಾಂಡಾಗಳಿಗೆ ಅದು ಒಪ್ಪಬಹುದು, ಕ್ಯಾಂಪುಗಳಿಗೆ ಒಪ್ಪುವುದಿಲ್ಲ. ಅಲ್ಲಿ ಒಂದೇ ಬೆಂಚಿನಲ್ಲಿ ತೆಲುಗು, ಕನ್ನಡ, ದಖನಿ ಕೂತಿರುತ್ತವೆ. ಫಿಲಿಪ್ಪೀನ್ಸ್ 2012ರಿಂದ ಇಡೀ ದೇಶದಲ್ಲಿ ಮೂರನೇ ತರಗತಿಯವರೆಗೆ ಮಾತೃಭಾಷೆ ಮಾಧ್ಯಮ ಮಾಡಿ, 2024ರ ಅಕ್ಟೋಬರಿನಲ್ಲಿ ಕಾನೂನು ತಂದು ಅದನ್ನು ಕೈಬಿಟ್ಟಿತು. ಪುಸ್ತಕ ಸಾಕಷ್ಟು ಸಿದ್ಧವಾಗಲಿಲ್ಲ, ಆಯಾ ಭಾಷೆ ಬಲ್ಲ ಶಿಕ್ಷಕರು ಸಿಗಲಿಲ್ಲ, ಒಂದೇ ಕೋಣೆಯಲ್ಲಿ ಹಲವು ಭಾಷೆ. ತತ್ವ ಸರಿಯಿದ್ದು ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು ಅದನ್ನು ಓದಬೇಕು.

ನಮಗೆ ಬೇಕಾಗಿರುವುದು ಇದಕ್ಕಿಂತ ಚಿಕ್ಕದು. ಓದು-ಬರಹ ಕನ್ನಡದಲ್ಲೇ ಇರಲಿ, ಉರ್ದು, ತೆಲುಗು ಶಾಲೆಗಳು ಇರುವ ಕಡೆ ಅವು ಇರಲಿ. ಆದರೆ ಒಂದು, ಎರಡನೇ ತರಗತಿಯಲ್ಲಿ ಮಾತು ಮಗುವಿನದಾಗಿರಲಿ. ಮಗು ಲಂಬಾಣಿಯಲ್ಲಿ ಉತ್ತರ ಹೇಳಿದರೆ ಅದು ಉತ್ತರವೇ. 'ಮನಿ' ಅಂದರೆ ಓದಿದ ಹಾಗೇ. ಕಥೆ ಮೊದಲು ಮನೆಮಾತಿನಲ್ಲಿ, ಆಮೇಲೆ ಅದೇ ಕಥೆ ಕನ್ನಡದಲ್ಲಿ. ಪುಸ್ತಕದ ಕನ್ನಡ ಮೂರನೇ ತರಗತಿ ಹೊತ್ತಿಗೆ ತಾನಾಗಿ ಬರುತ್ತದೆ, ಅವಸರವಿಲ್ಲ. ಇಂಗ್ಲಿಷನ್ನು ಮೊದಲು ಕಿವಿಗೆ ಹಾಕಲಿ, ಹಾಡು, ಆಟ, ಸಣ್ಣ ಮಾತುಕತೆ. ಕನ್ನಡ ಅಕ್ಷರ ಗಟ್ಟಿಯಾದ ಮೇಲೆ ಇಂಗ್ಲಿಷ್ ಓದು. ಅದನ್ನು ಕಲಿಸಲು ಇಂಗ್ಲಿಷ್ ಮಾತಾಡಬಲ್ಲ ಒಬ್ಬರನ್ನು ಎರಡು ಮೂರು ಶಾಲೆಗೆ ಸೇರಿಸಿ ಕೊಟ್ಟರೂ, ಶಾಲೆಯ ಹೆಸರಿನ ಬೋರ್ಡು ಬದಲಿಸುವುದಕ್ಕಿಂತ ಜಾಸ್ತಿ ಲಾಭ.

ಇದಕ್ಕೆ ಶಿಕ್ಷಕರು ಎಲ್ಲಿಂದ ಬರಬೇಕು? ಇಲ್ಲೊಂದು ತಮಾಷೆ ಇದೆ. ಖಾಲಿ ಹುದ್ದೆಗಳ ಜಾಗದಲ್ಲಿ ಕೆಲಸ ಮಾಡುವ ಅತಿಥಿ ಶಿಕ್ಷಕರು ಬಹಳ ಕಡೆ ಅದೇ ಊರಿನವರು, ಪಕ್ಕದ ತಾಂಡಾದವರು. ಮಗುವಿನ ಮಾತು ಗೊತ್ತಿರುವುದು ಅವರಿಗೆ. ಸಂಬಳ ಅತಿ ಕಡಿಮೆ ಅವರಿಗೆ, ಮುಂದಿನ ಜೂನಿಗೆ ಇರುತ್ತಾರೋ ಇಲ್ಲವೋ ಗೊತ್ತಿಲ್ಲದವರೂ ಅವರೇ. ಶಾಲೆಯಲ್ಲಿ ಭಾಷೆಯ ವಿಷಯದಲ್ಲಿ ಎಲ್ಲರಿಗಿಂತ ಬೆಲೆಯುಳ್ಳ ವ್ಯಕ್ತಿಯನ್ನು ನಾವು ತಾತ್ಕಾಲಿಕ ಪಟ್ಟಿಯಲ್ಲಿ ಇಟ್ಟಿದ್ದೇವೆ.

ಕಲ್ಯಾಣ ಕರ್ನಾಟಕಕ್ಕೆ ಇದರಲ್ಲಿ ಬೇರೆ ಭಾಗಗಳಿಗಿಲ್ಲದ ಒಂದು ಅನುಕೂಲ ಇದೆ. 2012ರ ತಿದ್ದುಪಡಿಯಿಂದ ಬಂದ 371ಜೆ ವಿಧಿ ಸ್ಥಳೀಯರಿಗೆ ಹುದ್ದೆ ಮೀಸಲಿಡುತ್ತದೆ. ಅದನ್ನು ಈವರೆಗೆ ನೌಕರಿಯ ಲೆಕ್ಕದಲ್ಲಿ ಮಾತ್ರ ನೋಡಿದ್ದೇವೆ, ತರಗತಿಯ ಭಾಷೆಯ ಲೆಕ್ಕದಲ್ಲಿ ನೋಡಿಲ್ಲ. ಶಿಕ್ಷಕರಿಗೆ ಶಾಲೆ ಹಂಚುವ ಕೌನ್ಸೆಲಿಂಗ್‌ನಲ್ಲಿ ಲಂಬಾಣಿ ಬಲ್ಲ ಶಿಕ್ಷಕಿಗೆ ತಾಂಡಾ ಶಾಲೆ, ತೆಲುಗು ಬಲ್ಲವರಿಗೆ ಕ್ಯಾಂಪ್ ಶಾಲೆ ಸಿಗುವಂತೆ ಒಂದು ಕಾಲಂ ಸೇರಿಸಲು ಹೊಸ ಕಾನೂನು ಬೇಕಿಲ್ಲ. ಯರಮರಸ್ ಮತ್ತು ಮುನಿರಾಬಾದಿನ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ನಲಿ-ಕಲಿಯ ಮೊದಲ ಮೆಟ್ಟಿಲುಗಳಿಗೆ ಈ ಕಡೆಯ ಪದಗಳ ಕಾರ್ಡು, ಲಂಬಾಣಿಯನ್ನು ಕನ್ನಡ ಲಿಪಿಯಲ್ಲೇ ಬರೆದ ಸಣ್ಣ ಕಥೆಗಳನ್ನು ಮಾಡಿಕೊಡಬಹುದು. ಹಾಡು, ಒಗಟು ಹೇಳಲು ತಾಂಡಾದ ಅಜ್ಜಿಯರಿದ್ದಾರೆ.

ದುಡ್ಡಿನ ಕೊರತೆ ಅಂತ ಮಾತ್ರ ಯಾರೂ ಹೇಳಬಾರದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆ ಹಣ ಕೊಡುತ್ತಿದೆ. 2024-25ರಲ್ಲಿ ಅದರ ಬೆಂಬಲದಿಂದಲೇ ಈ ಭಾಗದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾದವು. ನಾಲ್ಕು ವರ್ಷದ ಮಗು ಈಗ ಅಲ್ಲಿಗೆ ಬಂದು ಕೂರುತ್ತಿದೆ. ಅದರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಆ ಕೋಣೆಯ ಶಿಕ್ಷಕಿಗೆ ಯಾರಾದರೂ ಹೇಳಿದ್ದಾರಾ ಅಂತ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಬಹುದು.